ಚೊಂಬಿನ ಅಂಚು ಎಲ್ಲಿ ಹೋಯಿತು?

ಒಂದು ಹಿತ್ತಾಳೆ ಚೊಂಬು, ಮೂರು ಕಿತ್ತಳೆ ಹಣ್ಣು, ಒಂದು ನೇರಳೆ ಬದನೆಕಾಯಿ. ಹಿಂದೆ ಗೋಡೆಯಿಂದ ಇಳಿಬಿಟ್ಟು ಹಾಗೇ ಮೇಜಿನ ಮೇಲೂ ಹಾಸಿದ ಬಿಳಿ ಪಂಚೆ. ಎಡಗಡೆ ಕಿಟಕಿ. ಹೋದ ತಿಂಗಳಿಡೀ ನಾನು ಇಷ್ಟನ್ನೇ ಜಲವರ್ಣದಲ್ಲಿ ಮತ್ತೆ ಮತ್ತೆ ಬರೆದಿದ್ದೇನೆ. ಹಣ್ಣು ತಿಂದು ಮುಗಿಯಿತು, ಬೇರೆ ತಂದೆ. ಬದನೆಕಾಯಿ ಹುಳಿಗೆ ಹೋಯಿತು, ಹೊಸದು ಬಂತು. ಚೊಂಬು ಮಾತ್ರ ಅದೇ.

ಅವುಗಳಲ್ಲಿ ಎರಡು ಚಿತ್ರಗಳನ್ನು ಅಕ್ಕನ ಮಗಳ ಮುಂದೆ ಇಟ್ಟೆ. ಒಂದರಲ್ಲಿ ಚೊಂಬಿನ ಗೆರೆ ಎಲ್ಲೂ ತಪ್ಪಿಲ್ಲ. ಬಾಯಿ, ಕುತ್ತಿಗೆ, ಹೊಟ್ಟೆ, ತಳ ಎಲ್ಲ ಸರಿಯಾಗಿದೆ. ಇನ್ನೊಂದರಲ್ಲಿ ಚೊಂಬಿನ ಎಡಭಾಗಕ್ಕೆ ಗೆರೆಯೇ ಇಲ್ಲ. ಅಲ್ಲಿ ಬರೀ ಕಾಗದ. ಬಲಭಾಗ ನೆರಳಿನ ಜೊತೆ ಕರಗಿಹೋಗಿದೆ. ಅವಳು ಎರಡನೆಯದನ್ನೇ ತುಂಬ ಹೊತ್ತು ನೋಡಿದಳು. ಆಮೇಲೆ ಬೆರಳಿಟ್ಟು ಕೇಳಿದಳು: "ಚಿಕ್ಕಮ್ಮ, ಈ ಕಡೆ ಅಂಚೇ ಇಲ್ವಲ್ಲ, ಎಲ್ಲಿ ಹೋಯ್ತು? ಆದ್ರೂ ಚೊಂಬು ಕಾಣ್ತಿದೆ!"

ಒಳ್ಳೆಯ ಪ್ರಶ್ನೆ. ಇದಕ್ಕೆ ಸರಿಯಾಗಿ ಉತ್ತರ ಕೊಟ್ಟರೆ ಸಡಿಲ ಶೈಲಿಯ ಜಲವರ್ಣ ಅಂದರೇನು ಅನ್ನುವುದು ಅರ್ಧ ಅರ್ಥವಾದ ಹಾಗೆ.

ಸಡಿಲ ಅಂದ ಕೂಡಲೇ ಜಾಸ್ತಿ ಜನ ಅಂದುಕೊಳ್ಳುವುದು ಬೇಗ ಬೇಗ ಬರೆಯುವುದು, ಬಣ್ಣ ಚಿಮುಕಿಸುವುದು, ಅಂದಾಜಿನಲ್ಲಿ ಬಳಿಯುವುದು ಅಂತ. ಹಾಗೆ ಬರೆದ ಚಿತ್ರ ಗಲೀಜಾಗಿ ಕಾಣುತ್ತದೆ, ಅಷ್ಟೇ. ಸಡಿಲ ಚಿತ್ರದಲ್ಲಿ ಕುಂಚದ ಏಟುಗಳು ಕಡಿಮೆ. ಆದರೆ ಒಂದೊಂದೂ ಯೋಚಿಸಿ ಇಟ್ಟದ್ದು, ಒಂದೇ ಸಲ ಇಟ್ಟದ್ದು. ಕೆಲವು ಅಂಚುಗಳು ಚಾಕುವಿನ ಹಾಗೆ ಚೂಪು, ಕೆಲವು ಮೆತ್ತಗೆ, ಕೆಲವು ಮಾಯ. ಯಾವುದು ಎಲ್ಲಿ ಅಂತ ತೀರ್ಮಾನ ಮಾಡುವುದೇ ಇಲ್ಲಿಯ ಕೆಲಸ. ಜಲವರ್ಣದಲ್ಲಿ ಅಂಚು ಹೇಗೆ ಬರುತ್ತದೆ ಅನ್ನುವುದನ್ನು ಕೈಗಿಂತ ಹೆಚ್ಚಾಗಿ ಕಾಗದದ ತೇವ ತೀರ್ಮಾನಿಸುತ್ತದೆ. ಹಾಗಾಗಿ ನನ್ನ ಲೆಕ್ಕದಲ್ಲಿ ಸಡಿಲವಾಗಿ ಬರೆಯಲು ಕಲಿಯುವುದು ಅಂದರೆ ಕಾಗದದ ಹದ ನೋಡಲು ಕಲಿಯುವುದು. ಅದಕ್ಕೇ ಈ ಲೇಖನದಲ್ಲಿ ಹದದ ಮಾತೇ ಹೆಚ್ಚು.

ಇದು ಬಂದದ್ದು ಎಲ್ಲಿಂದ

1874ರ ಏಪ್ರಿಲ್‌ನಲ್ಲಿ ಪ್ಯಾರಿಸ್‌ನ ಛಾಯಾಗ್ರಾಹಕ ನಾದಾರ್ ಅವರ ಹಳೆಯ ಸ್ಟುಡಿಯೋದಲ್ಲಿ ಸುಮಾರು 30 ಕಲಾವಿದರು ಸೇರಿ ಪ್ರದರ್ಶನ ಮಾಡಿದರು. ಅಲ್ಲಿ ಕ್ಲಾಡ್ ಮೊನೆ ಅವರ ಸೂರ್ಯೋದಯದ ಚಿತ್ರವೊಂದಿತ್ತು. ಅದರ ಹೆಸರಿನಲ್ಲಿ 'ಇಂಪ್ರೆಶನ್' ಅನ್ನುವ ಪದ ಇತ್ತು. ಲೂಯಿ ಲೆರಾಯ್ ಅನ್ನುವ ವಿಮರ್ಶಕ ಅದನ್ನೇ ಹಿಡಿದು ಆಡಿಕೊಂಡು ಬರೆದ. ಆ ಗುಂಪಿಗೆ ಇಂಪ್ರೆಶನಿಸ್ಟರು ಅನ್ನುವ ಹೆಸರು ಉಳಿದುಬಿಟ್ಟಿತು. ನೋಡಿದ ಕ್ಷಣ ಕಣ್ಣಿಗೆ ತಟ್ಟಿದ ಅನಿಸಿಕೆ ಅನ್ನುವುದು 'ಇಂಪ್ರೆಶನ್' ಪದದ ಅರ್ಥ.

ಆ ಗುಂಪಿನವರು ಬರೆದದ್ದು ಹೆಚ್ಚಾಗಿ ತೈಲವರ್ಣದಲ್ಲಿ. ಆದರೆ ಬರ್ಥ್ ಮೊರಿಸೊ ಆ ಮೊದಲ ಪ್ರದರ್ಶನಕ್ಕೇ ಜಲವರ್ಣಗಳನ್ನೂ ಇಟ್ಟಿದ್ದರು. ಎದುವಾರ್ ಮಾನೆ ಅನ್ನುವ ಇನ್ನೊಬ್ಬ ಕಲಾವಿದರು ಆ ಪ್ರದರ್ಶನದಲ್ಲಿ ಭಾಗವಹಿಸಲಿಲ್ಲ, ಆದರೆ ಅವರದೊಂದು ಸಣ್ಣ ಸಂಗತಿ ನನಗೆ ತುಂಬ ಇಷ್ಟ. 1880ರ ಬೇಸಿಗೆಯಲ್ಲಿ ಆರೋಗ್ಯ ಸರಿಯಿಲ್ಲದೆ ಪ್ಯಾರಿಸ್ ಹತ್ತಿರದ ಬೆಲ್‌ವ್ಯೂನಲ್ಲಿ ಇದ್ದಾಗ ಸ್ನೇಹಿತರಿಗೆ ಪತ್ರ ಬರೆಯುತ್ತಿದ್ದರು. ಪತ್ರದ ಹಾಳೆಯ ಮೇಲೇ ಜಲವರ್ಣದಲ್ಲಿ ಒಂದು ಪ್ಲಮ್ ಹಣ್ಣೋ ಒಂದು ಹೂವೋ ಬರೆದು ಕಳಿಸುತ್ತಿದ್ದರು. ನಾಲ್ಕೈದು ಏಟು, ಕೆಳಗೆ ಒಂದು ಚೂರು ನೆರಳು, ಆಯಿತು. ಸ್ಟಿಲ್ ಲೈಫ್ (ಜೋಡಿಸಿಟ್ಟ ವಸ್ತುಗಳ ಚಿತ್ರ) ಅಂದರೆ ಮೇಜಿನ ತುಂಬ ಪಾತ್ರೆಪಗಡ ಜೋಡಿಸಬೇಕು ಅಂತೇನಿಲ್ಲ. ಒಂದು ಹಣ್ಣು ಸಾಕು.

ಆದರೆ ಚೊಂಬಿನ ಅಂಚಿನ ಪ್ರಶ್ನೆಗೆ ನಿಜವಾದ ಗುರು ಪಾಲ್ ಸೆಜಾನ್. 1906ರಲ್ಲಿ ತೀರಿಕೊಳ್ಳುವ ಮೊದಲಿನ ಕೆಲವು ವರ್ಷ ಅವರು ದಕ್ಷಿಣ ಫ್ರಾನ್ಸಿನ ಏಕ್ಸ್‌ನಲ್ಲಿ ಕುಳಿತು ಹಣ್ಣು, ಹೂಜಿ, ಬಟ್ಟೆಗಳನ್ನು ಜಲವರ್ಣದಲ್ಲಿ ಬರೆದರು. ಲಾಸ್ ಏಂಜಲೀಸ್‌ನ ಗೆಟ್ಟಿ ಮ್ಯೂಸಿಯಂನಲ್ಲಿ ನೀಲಿ ಪಾತ್ರೆ ಇರುವ ಅವರ ಒಂದು ಸ್ಟಿಲ್ ಲೈಫ್ ಇದೆ. ಮ್ಯೂಸಿಯಂನ ಜಾಲತಾಣದಲ್ಲೇ ದೊಡ್ಡದು ಮಾಡಿ ನೋಡಬಹುದು. ಪೆನ್ಸಿಲ್ ಗೆರೆಗಳು ಹಾಗೇ ಕಾಣುತ್ತವೆ. ಬೆಳಕು ಬಿದ್ದ ಜಾಗಗಳಲ್ಲಿ ಕಾಗದವನ್ನು ಮುಟ್ಟಿಯೇ ಇಲ್ಲ. 1904ರಲ್ಲಿ ಅವರ ಬಳಿ ಹೋಗಿದ್ದ ಎಮಿಲ್ ಬರ್ನಾರ್ ಅನ್ನುವ ಕಲಾವಿದ ಅವರು ಜಲವರ್ಣ ಬರೆಯುವ ಕ್ರಮವನ್ನು ದಾಖಲಿಸಿದ್ದಾರೆ. ನೆರಳಿನಿಂದ ಶುರು. ಮೊದಲು ಒಂದು ತೆಳುವಾದ ಬಣ್ಣದ ತೇಪೆ. ಅದರ ಮೇಲೆ ಹಾಯುವ, ಅದಕ್ಕಿಂತ ದೊಡ್ಡ ಇನ್ನೊಂದು. ಅದರ ಮೇಲೆ ಮೂರನೆಯದು. ತೆರೆಗಳ ಹಾಗೆ ಒಂದರ ಮೇಲೊಂದು ಬಿದ್ದ ಈ ತೇಪೆಗಳೇ ಕೊನೆಗೆ ಆಕಾರವಾಗುತ್ತವೆ. ಸುತ್ತ ಗೆರೆ ಎಳೆದು ಒಳಗೆ ಬಣ್ಣ ತುಂಬುವ ನಮ್ಮ ಶಾಲೆಯ ಅಭ್ಯಾಸಕ್ಕೆ ಇದು ಪೂರ್ತಿ ಉಲ್ಟಾ.

ನಮ್ಮಲ್ಲಿ ಜಲವರ್ಣ ಅಂದರೆ ಮೊದಲು ನೆನಪಾಗುವುದು ಕೆ. ವೆಂಕಟಪ್ಪನವರು. ಅವರ ಊಟಿ, ಕೊಡೈಕೆನಾಲ್ ಚಿತ್ರಗಳು ಬೆಂಗಳೂರಿನ ವೆಂಕಟಪ್ಪ ಆರ್ಟ್ ಗ್ಯಾಲರಿಯಲ್ಲಿವೆ. ಅವು ಸಡಿಲ ಚಿತ್ರಗಳಲ್ಲ, ಕೂದಲೆಳೆಯಷ್ಟು ನಾಜೂಕು ಕೆಲಸ. ಆದರೂ ಸಡಿಲ ಶೈಲಿ ಕಲಿಯುವವರು ಅವನ್ನು ನೋಡಬೇಕು ಅನ್ನುತ್ತೇನೆ. ಬೆಟ್ಟ ಎಲ್ಲಿ ಮುಗಿಯಿತು, ಮೋಡ ಎಲ್ಲಿ ಶುರುವಾಯಿತು ಅಂತ ಹುಡುಕಿ ನೋಡಿ. ಅಂಚನ್ನು ಕರಗಿಸುವುದಕ್ಕೆ ಎಷ್ಟು ತಾಳ್ಮೆ ಬೇಕು ಅಂತ ಗೊತ್ತಾಗುತ್ತದೆ.

ಬಿಳಿ ಬಣ್ಣ ಕಾಗದದ್ದೇ

ಜಲವರ್ಣದ ಟ್ಯೂಬಿನಲ್ಲಿ ಮುಖ್ಯವಾಗಿ ಇರುವುದು ಎರಡು: ನುಣ್ಣಗೆ ಅರೆದ ಬಣ್ಣದ ಪುಡಿ, ಮತ್ತೆ ಜಾಲಿ ಜಾತಿಯ ಮರದಿಂದ ತೆಗೆದ ಗೋಂದು. ಬಣ್ಣ ಗಟ್ಟಿಯಾಗದಿರಲಿ ಅಂತ ಒಂದಿಷ್ಟು ಗ್ಲಿಸರಿನ್ನೋ ಜೇನುತುಪ್ಪವೋ ಸೇರಿಸಿರುತ್ತಾರೆ. ನೀರು ಹಾಕಿದರೆ ಗೋಂದು ಕರಗುತ್ತದೆ. ನೀರು ಆರಿದ ಮೇಲೆ ಪುಡಿಯನ್ನು ಕಾಗದಕ್ಕೆ ಅಂಟಿಸಿ ಹಿಡಿದುಕೊಳ್ಳುತ್ತದೆ.

ಈ ಪದರ ತುಂಬ ತೆಳು. ಬೆಳಕು ಅದನ್ನು ದಾಟಿ ಹೋಗಿ, ಕೆಳಗಿನ ಬಿಳಿ ಕಾಗದಕ್ಕೆ ತಾಗಿ, ಮತ್ತೆ ಬಣ್ಣದ ಮೂಲಕವೇ ಹೊರಗೆ ಬರುತ್ತದೆ. ಕಿತ್ತಳೆ ಹಣ್ಣು ಒಳಗಿನಿಂದ ಬೆಳಗಿದ ಹಾಗೆ ಕಾಣುವುದು ಇದರಿಂದಲೇ. ಒಂದೇ ಜಾಗವನ್ನು ಮೂರು ನಾಲ್ಕು ಸಲ ಉಜ್ಜಿದರೆ ಕೆಳಗಿನ ಬಣ್ಣ ಎದ್ದು ಮೇಲಿನದರ ಜೊತೆ ಕದಡುತ್ತದೆ. ಬೆಳಕು ಕಾಗದದವರೆಗೆ ಹೋಗುವುದಿಲ್ಲ. ಕೆಸರು ಅಂತ ನಾವು ಹೇಳುವುದು ಇದನ್ನೇ. ತೈಲವರ್ಣದಲ್ಲಿ ಬಿಳಿ ಹೊಳಪನ್ನು ಕೊನೆಗೆ ಇಡಬಹುದು. ಇಲ್ಲಿ ಬಿಳಿ ಅಂದರೆ ಮುಟ್ಟದೆ ಬಿಟ್ಟ ಕಾಗದ. ಅದನ್ನು ಮೊದಲೇ ಗೊತ್ತುಮಾಡಿ ಕಾಪಾಡಬೇಕು.

ಕಾಗದದ ಬಗ್ಗೆ ಸ್ವಲ್ಪ ಕಟ್ಟುನಿಟ್ಟಾಗಿಯೇ ಹೇಳುತ್ತೇನೆ. ಬಣ್ಣ ಅಗ್ಗದ್ದಾದರೂ ನಡೆಯುತ್ತದೆ, ಬ್ರಷ್ ಒಂದೇ ಇದ್ದರೂ ನಡೆಯುತ್ತದೆ, ಕಾಗದ ಮಾತ್ರ ಹತ್ತಿಯದ್ದೇ ಬೇಕು, 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ) ತೂಕದ್ದು. ಶಾಲೆಯ ಡ್ರಾಯಿಂಗ್ ಶೀಟು ನೀರನ್ನು ಕೂಡಲೇ ಹೀರಿಕೊಂಡುಬಿಡುತ್ತದೆ. ಬಣ್ಣ ಬೆರೆಯುವುದಕ್ಕೆ ಸಮಯವೇ ಸಿಗುವುದಿಲ್ಲ. ಒಳ್ಳೆಯ ಜಲವರ್ಣ ಕಾಗದಕ್ಕೆ ಅಂಟಿನ ಒಂದು ಉಪಚಾರ ಮಾಡಿರುತ್ತಾರೆ, ಹಲವು ಕಾಗದಗಳಲ್ಲಿ ಅದು ಜೆಲಟಿನ್. ಅದರಿಂದ ನೀರು ತುಸು ಹೊತ್ತು ಮೇಲೇ ನಿಂತು ನಿಧಾನಕ್ಕೆ ಇಳಿಯುತ್ತದೆ. ಆ ತುಸು ಹೊತ್ತಿನಲ್ಲೇ ಸಡಿಲ ಚಿತ್ರ ಹುಟ್ಟುವುದು. ನಾನು ಎಷ್ಟೋ ವರ್ಷ ಡ್ರಾಯಿಂಗ್ ಶೀಟಿನ ಮೇಲೆ ಬರೆಯುತ್ತಾ, ಬಣ್ಣ ಬೆರೆಯುತ್ತಿಲ್ಲ, ನನ್ನ ಕೈಯೇ ಸರಿಯಿಲ್ಲ ಅಂದುಕೊಂಡು ನೊಂದಿದ್ದೇನೆ. ಒಳ್ಳೆಯ ಕಾಗದದ ಮೇಲೆ ಮೊದಲ ಸಲ ಬರೆದ ದಿನ ಅದೇ ಕೈ, ಅದೇ ಬಣ್ಣ, ಬೇರೆಯೇ ಚಿತ್ರ ಬಂತು. ದುಬಾರಿ ಅನಿಸಿದರೆ 22 ಇಂಚು ಅಗಲ 30 ಇಂಚು ಉದ್ದದ ಒಂದೇ ಪೂರ್ತಿ ಹಾಳೆ ತಂದು 8 ತುಂಡು ಮಾಡಿಕೊಳ್ಳಿ. ಒಂದೊಂದೂ 11 ಇಂಚು ಉದ್ದ, 7.5 ಇಂಚು ಅಗಲ ಬರುತ್ತದೆ. ಕಲಿಯುವುದಕ್ಕೆ ಆ ಅಳತೆ ಸಾಕು. ಎರಡೂ ಬದಿ ಬರೆಯಬಹುದು. ಮಳೆಗಾಲದಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಡಿ. ತೇವಕ್ಕೆ ಆ ಅಂಟು ಕೆಟ್ಟರೆ ಬಣ್ಣ ಅಲ್ಲಲ್ಲಿ ಮಚ್ಚೆ ಮಚ್ಚೆಯಾಗಿ ಇಂಗುತ್ತದೆ.

ಹದ

ಪಾಕ ನೋಡುವವರನ್ನು ಗಮನಿಸಿದ್ದೀರಾ? ಎಳೆ ಬಂತಾ ಅಂತ ಕ್ಷಣಕ್ಷಣಕ್ಕೂ ಬೆರಳಲ್ಲಿ ಹಿಡಿದು ನೋಡುತ್ತಾರೆ. ಒಂದು ನಿಮಿಷ ಮುಂಚೆಯಾದರೂ ಕೆಟ್ಟಿತು, ತಡವಾದರೂ ಕೆಟ್ಟಿತು. ಒದ್ದೆ ಕಾಗದವೂ ಹಾಗೇ. ಬೆರಳಿನ ಬದಲು ಇಲ್ಲಿ ಕಣ್ಣು. ತಲೆ ತಗ್ಗಿಸಿ, ಕಾಗದವನ್ನು ಓರೆಯಾಗಿ, ಕಿಟಕಿಯ ಬೆಳಕಿನ ಕಡೆಗೆ ನೋಡಬೇಕು. ಮೇಲಿನ ಹೊಳಪೇ ಎಲ್ಲವನ್ನೂ ಹೇಳುತ್ತದೆ.

ನೀರು ಬಳಿದ ಕೂಡಲೇ ಕಾಗದದ ಮೇಲೆ ನೀರು ನಿಂತಿರುತ್ತದೆ, ಕನ್ನಡಿಯ ಹಾಗೆ. ಈಗ ಬಣ್ಣ ಇಟ್ಟರೆ ತೇಲಿಕೊಂಡು ಎಲ್ಲೆಲ್ಲೋ ಹೋಗುತ್ತದೆ, ಒಣಗಿದ ಮೇಲೆ ಸಪ್ಪೆಯಾಗುತ್ತದೆ. ಸ್ವಲ್ಪ ಕಾಯಬೇಕು. ಹಲಗೆ ಓರೆ ಮಾಡಿದರೆ ನೀರು ಹರಿಯುವುದಿಲ್ಲ, ಆದರೆ ಇಡೀ ಮೇಲ್ಮೈ ಹೊಳೆಯುತ್ತಿದೆ ಅನ್ನುವುದು ಎರಡನೆಯ ಹದ. ಬಣ್ಣ ಈಗ ಅಂಚಿಲ್ಲದೆ ಮೆತ್ತಗೆ ಹರಡುತ್ತದೆ. ಹಿನ್ನೆಲೆಗೆ, ಪಂಚೆಯ ದೊಡ್ಡ ಮಡಿಕೆಗಳಿಗೆ ಇದು ಸರಿ.

ಇನ್ನೂ ಸ್ವಲ್ಪ ಹೊತ್ತಿಗೆ ಹೊಳಪು ಮಂಕಾಗುತ್ತದೆ. ಹಳೆಯ ರೇಷ್ಮೆ ಸೀರೆಯ ಹೊಳಪಿನ ಹಾಗೆ. ಇದು ಮೂರನೆಯ ಹದ, ಎಲ್ಲಕ್ಕಿಂತ ಮುಖ್ಯವಾದದ್ದು. ಗಟ್ಟಿ ಬಣ್ಣ ಇಟ್ಟರೆ ಇಟ್ಟಲ್ಲೇ ಇರುತ್ತದೆ, ಅಂಚು ಮಾತ್ರ ನವಿರಾಗಿ ಕರಗುತ್ತದೆ. ಕಿತ್ತಳೆಯ ದುಂಡನೆಯ ಆಕಾರ ತರುವ ನೆರಳು ಇಡುವುದು ಈಗಲೇ. ಎಲ್ಲಕ್ಕಿಂತ ಜಾಸ್ತಿ ಅಪಾಯ ಇರುವುದೂ ಈಗಲೇ. ಬ್ರಷ್ಷಿನಲ್ಲಿ ನೀರು ಜಾಸ್ತಿ ಇದ್ದರೆ ಆ ನೀರು ಕಡಿಮೆ ತೇವ ಇರುವ ಕಡೆಗೆ ನುಗ್ಗುತ್ತದೆ. ನುಗ್ಗುವಾಗ ಅಲ್ಲಿ ಕೂತಿದ್ದ ಬಣ್ಣದ ಪುಡಿಯನ್ನು ತಳ್ಳಿಕೊಂಡು ಹೋಗಿ ದೂರದಲ್ಲಿ ಗುಡ್ಡೆ ಹಾಕುತ್ತದೆ. ಒಣಗಿದ ಮೇಲೆ ನೋಡಿದರೆ ಅಂಚು ಸೊಟ್ಟಸೊಟ್ಟಗೆ, ಥೇಟ್ ಹೂಕೋಸಿನ ಹಾಗೆ. ಹೂಕೋಸು ಅಂತಲೇ ಅದನ್ನು ಕರೆಯುತ್ತಾರೆ. ಎಲೆ, ಹೂವಿನ ಚಿತ್ರದಲ್ಲಿ ಕೆಲವರು ಬೇಕೆಂದೇ ಅದನ್ನು ಬರಿಸುತ್ತಾರೆ. ಕಿತ್ತಳೆಯ ನಟ್ಟ ನಡುವೆ ಬಂದರೆ ಮಾತ್ರ ಬೇಸರ.

ನಾಲ್ಕನೆಯ ಹದದಲ್ಲಿ ಹೊಳಪಿಲ್ಲ. ಒಣಗಿದೆ ಅನಿಸುತ್ತದೆ. ಬೆರಳಿನ ಹಿಂಬದಿ ತಾಗಿಸಿದರೆ ತಣ್ಣಗಿರುತ್ತದೆ. ಈಗ ಏನನ್ನೂ ಮಾಡಬೇಡಿ. ಎದ್ದು ಹೋಗಿ ಬನ್ನಿ. ಬೆರಳಿಗೆ ಬೆಚ್ಚಗೆ ಅನಿಸಿದ ಮೇಲೆ ಅದು ನಿಜವಾಗಿ ಒಣಗಿದ್ದು. ಆಗ ಇಟ್ಟ ಏಟಿಗೆ ಚೂಪಾದ ಅಂಚು ಸಿಗುತ್ತದೆ.

ಬಣ್ಣದ ಗಟ್ಟಿತನವನ್ನು ನಾನು ಅಡುಗೆಮನೆಯ ಲೆಕ್ಕದಲ್ಲೇ ನೆನಪಿಟ್ಟುಕೊಳ್ಳುತ್ತೇನೆ. ಮೊದಲ ವಾಶ್ (ತೆಳುವಾಗಿ ಹರಡಿ ಬಳಿಯುವ ಬಣ್ಣ) ತಿಳಿಸಾರಿನ ಹದ, ನಡುವಿನ ನೆರಳು ಹಾಲಿನ ಹದ, ಮಂಕು ಹೊಳಪಿನ ಕಾಗದಕ್ಕೆ ಇಡುವುದು ದೋಸೆಹಿಟ್ಟಿನ ಹದ. ಕಾಗದ ಒಣಗುತ್ತ ಹೋದ ಹಾಗೆ ಬ್ರಷ್ಷಿನ ನೀರೂ ಕಡಿಮೆಯಾಗಬೇಕು. ಇದೊಂದು ಗೊತ್ತಿದ್ದರೆ ಹೂಕೋಸು ಅರ್ಧಕ್ಕರ್ಧ ನಿಂತುಹೋಗುತ್ತದೆ.

ಎಷ್ಟು ನಿಮಿಷ ಅಂತ ಕೇಳಬೇಡಿ, ಅದು ಊರನ್ನು, ತಿಂಗಳನ್ನು ನೋಡಿಕೊಂಡು ಇರುತ್ತದೆ. ಬೆಂಗಳೂರಿನ ಮಾರ್ಚ್ ಮಧ್ಯಾಹ್ನದಲ್ಲಿ ಫ್ಯಾನ್ ಹಾಕಿಕೊಂಡು ಕೂತರೆ ಮೂರನೆಯ ಹದ ಬಂದದ್ದೂ ಗೊತ್ತಾಗುವುದಿಲ್ಲ, ಹೋದದ್ದೂ ಗೊತ್ತಾಗುವುದಿಲ್ಲ. ಜುಲೈನಲ್ಲಿ ಮಲೆನಾಡಿನಲ್ಲಿ ಬರೆದಾಗ ವಾಶ್ ಹಾಕಿ, ಕಾಫಿ ಕುಡಿದು ಬಂದು ನೋಡಿದರೂ ಕಾಗದ ಹೊಳೆಯುತ್ತಲೇ ಇತ್ತು.

ಕಾಫಿ ಅಂದ ಮೇಲೆ ಇನ್ನೊಂದು ಮಾತು. ಮೇಜಿನ ಮೇಲೆ ಚೆಲ್ಲಿದ ಕಾಫಿಯ ಹನಿ ಒಣಗಿದಾಗ ಅಂಚಿನಲ್ಲಿ ಮಾತ್ರ ಕಪ್ಪು ಉಂಗುರ ಉಳಿಯುತ್ತದೆ ಅಲ್ವಾ? ಅದು ಯಾಕೆ ಅಂತ 1997ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಸಂಶೋಧಕರು ವಿವರಿಸಿದರು. ಹನಿಯ ಅಂಚು ಮೇಲ್ಮೈಗೆ ಕಚ್ಚಿಕೊಂಡಿರುತ್ತದೆ, ಅಲ್ಲಿಂದ ನೀರು ಬೇಗ ಆವಿಯಾಗುತ್ತದೆ. ಕಳೆದುಹೋದ ನೀರನ್ನು ತುಂಬಲು ನಡುವಿನಿಂದ ನೀರು ಅಂಚಿನ ಕಡೆಗೆ ಹರಿಯುತ್ತದೆ, ಜೊತೆಗೆ ಕಣಗಳನ್ನೂ ಒಯ್ಯುತ್ತದೆ. ಒಣ ಕಾಗದದ ಮೇಲೆ ಇಟ್ಟ ಜಲವರ್ಣದ ಏಟಿಗೆ ತನ್ನಷ್ಟಕ್ಕೇ ಒಂದು ದಟ್ಟ ಗೆರೆ ಬರುವುದೂ ಇದೇ ಕಾರಣಕ್ಕೆ. ಅಂದರೆ ನಾವು ಬೇರೆ ಗೆರೆ ಎಳೆಯುವ ಅಗತ್ಯವೇ ಇಲ್ಲ. ಚೂಪು ಅಂಚು ಬೇಕಾದ ಕಡೆ ಬಣ್ಣವೇ ಅದನ್ನು ಎಳೆದುಕೊಡುತ್ತದೆ.

ಬರೆಯುವ ಮೊದಲು ನೋಡುವುದು

ಈಗ ಮೇಜಿನ ಹತ್ತಿರ ಬರೋಣ. ಟ್ಯೂಬ್‌ಲೈಟ್ ಆರಿಸಿ. ಇನ್ನೊಂದು ಕಿಟಕಿ ಇದ್ದರೆ ಪರದೆ ಎಳೆಯಿರಿ. ಬೆಳಕು ಒಂದೇ ಕಡೆಯಿಂದ ಬಂದರೆ ನೆರಳು ಒಂದೇ ಕಡೆ ಬೀಳುತ್ತದೆ, ಆಕಾರ ಸರಳವಾಗುತ್ತದೆ. ವಸ್ತುಗಳನ್ನು ದೂರ ದೂರ ಇಡಬೇಡಿ. ಒಂದರ ನೆರಳು ಇನ್ನೊಂದರ ಮೇಲೆ ಬೀಳಲಿ. ನನ್ನ ಜೋಡಣೆಯಲ್ಲಿ ಚೊಂಬಿನ ನೆರಳು ಬದನೆಕಾಯಿಯ ಮೇಲೆ ಹಾದು ಪಂಚೆಗೆ ಇಳಿಯುತ್ತದೆ. ಬದನೆಕಾಯಿಗೆ ಒರಗಿಕೊಂಡ ಹಾಗೆ ಮುಂದೆ ಒಂದು ಕಿತ್ತಳೆ.

ಈಗ ಕಣ್ಣು ಕಿರಿದು ಮಾಡಿ, ಅರ್ಧ ಮುಚ್ಚಿ ನೋಡಿ. ಸಣ್ಣಪುಟ್ಟ ವಿವರ ಎಲ್ಲ ಹೋಗಿ ಬೆಳಕು, ನಡು, ಕಪ್ಪು ಅಂತ ಮೂರೇ ಪಾಲು ಉಳಿಯುತ್ತವೆ. ಅಕ್ಕನ ಮಗಳ ಪ್ರಶ್ನೆಗೆ ಉತ್ತರ ಸಿಗುವುದು ಇಲ್ಲೇ. ಚೊಂಬಿನ ಎಡ ಮೈ ಕಿಟಕಿಗೆ ಎದುರಾಗಿದೆ, ಹೊಳೆಯುತ್ತಿದೆ. ಅದರ ಹಿಂದಿನ ಪಂಚೆಯೂ ಬೆಳ್ಳಗಿದೆ. ಕಣ್ಣು ಕಿರಿದು ಮಾಡಿದಾಗ ಎರಡರ ನಡುವೆ ಗೆರೆ ಕಾಣುವುದೇ ಇಲ್ಲ. ಬಲಗಡೆಯೂ ಹಾಗೇ, ಚೊಂಬಿನ ನೆರಳು ಭಾಗ, ಮೇಜಿನ ಮೇಲೆ ಬಿದ್ದ ನೆರಳು, ಬದನೆಕಾಯಿ ಮೂರೂ ಸೇರಿ ಒಂದೇ ಕಪ್ಪು ಆಕಾರ. ಅಂಚು ಇದೆ ಅಂತ ನಮಗೆ ಗೊತ್ತು, ಅದಕ್ಕೇ ಬರೆಯುತ್ತೇವೆ. ಕಣ್ಣಿಗೆ ಕಾಣುತ್ತಿರುವುದು ಬೇರೆ. ಚೊಂಬಿನ ಬಾಯಿಯ ಕಪ್ಪು ಅಂಡಾಕಾರ, ಕುತ್ತಿಗೆಯ ಕೆಳಗಿನ ನೆರಳು, ತಳ ಮೇಜಿಗೆ ತಾಗುವ ಜಾಗ, ಈ ಮೂರು ಸರಿಯಾಗಿದ್ದರೆ ನೋಡುವವರ ಕಣ್ಣು ಉಳಿದ ಅಂಚನ್ನು ತಾನೇ ತುಂಬಿಕೊಳ್ಳುತ್ತದೆ. ಸಾವಿರ ಸಲ ಚೊಂಬು ನೋಡಿದ ಕಣ್ಣು ತಾನೇ ಅದು.

ಮೊನೆ ಅವರ ನೆರೆಯಲ್ಲಿ ಇದ್ದ ಅಮೆರಿಕದ ಕಲಾವಿದೆ ಲಿಲ್ಲಾ ಕ್ಯಾಬಟ್ ಪೆರಿ 1927ರಲ್ಲಿ ಅವರ ಬಗ್ಗೆ ನೆನಪುಗಳನ್ನು ಬರೆದರು. ಎದುರಿಗಿರುವುದು ಮರ, ಮನೆ, ಹೊಲ ಅನ್ನುವುದನ್ನು ಮರೆತು, ಇಲ್ಲೊಂದು ನೀಲಿ ಚೌಕ, ಅಲ್ಲೊಂದು ಗುಲಾಬಿ ಪಟ್ಟಿ, ಇಲ್ಲೊಂದು ಹಳದಿ ಗೀರು ಅಂತ ನೋಡಿ ಬರೆಯಬೇಕು ಅನ್ನುವುದು ಮೊನೆ ಅವರ ಸಲಹೆಯಾಗಿತ್ತಂತೆ. ಚೊಂಬಿನ ಮುಂದೆ ಕುಳಿತು ಇದನ್ನು ಮಾಡಿ ನೋಡಿ. ಹಿತ್ತಾಳೆ ಅಂದರೆ ಹಳದಿ ಅಂತ ಮನಸ್ಸು ಹೇಳುತ್ತದೆ. ನೋಡಿದರೆ ಹಳದಿ ಇರುವುದು ಸ್ವಲ್ಪ. ಕುತ್ತಿಗೆಯ ಹತ್ತಿರ ಬೆಲ್ಲದ ಬಣ್ಣ, ಅದರ ಪಕ್ಕದಲ್ಲೇ ಕಪ್ಪು ಅನ್ನುವಷ್ಟು ಕಂದು, ಹೊಟ್ಟೆಯ ಮೇಲೆ ಕಿಟಕಿಯ ಆಕಾರದ ಒಂದು ಬಿಳಿ ಚೂರು. ಕೆಳಗಡೆ ಪಕ್ಕದ ಕಿತ್ತಳೆಯ ಪ್ರತಿಬಿಂಬ, ಉದ್ದಕ್ಕೆ ಎಳೆದ ಕೆಂಪು ಪಟ್ಟೆಯ ಹಾಗೆ.

ನೆರಳೂ ಬೂದು ಅಲ್ಲ. ಪಂಚೆಯ ಮೇಲಿನ ನೆರಳಿಗೆ ಬಿಸಿಲು ತಾಗುತ್ತಿಲ್ಲ, ಆಕಾಶದ ಬೆಳಕು ಮಾತ್ರ ಸಿಗುತ್ತಿದೆ. ಅದಕ್ಕೇ ಅದು ನೀಲಿಗೆ ತಿರುಗಿದೆ. ಕಿತ್ತಳೆಯ ಬುಡದ ಹತ್ತಿರ ಅದೇ ನೆರಳಿನೊಳಗೆ ಕಿತ್ತಳೆಯ ಬಣ್ಣ ಸೇರಿಕೊಂಡಿದೆ. ಇನ್ನೊಂದು ವಿಷಯವೂ ಇದೆ. ಚಿತ್ರದ ಬಟ್ಟೆ ನೇಯುವ ಪ್ಯಾರಿಸ್‌ನ ಗೋಬಲಾಂ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗ ನೋಡಿಕೊಳ್ಳುತ್ತಿದ್ದ ರಸಾಯನಶಾಸ್ತ್ರಜ್ಞ ಶೆವ್ರೋಲ್, ಅಕ್ಕಪಕ್ಕದ ಬಣ್ಣಗಳು ಒಂದನ್ನೊಂದು ಹೇಗೆ ಬದಲಿಸಿ ತೋರಿಸುತ್ತವೆ ಅಂತ 1839ರಲ್ಲಿ ದೊಡ್ಡ ಪುಸ್ತಕವನ್ನೇ ಪ್ರಕಟಿಸಿದರು. ಕಿತ್ತಳೆಯ ಪಕ್ಕ ನೀಲಿ ಇದ್ದರೆ ಎರಡೂ ಜಾಸ್ತಿ ಹೊಳೆಯುತ್ತವೆ. ಹಣ್ಣನ್ನು ಹೊಳೆಯಿಸಲು ಹಣ್ಣಿಗೇ ಬಣ್ಣ ಸುರಿಯಬೇಕಿಲ್ಲ, ಪಕ್ಕದ ನೆರಳಿಗೆ ಒಂದಿಷ್ಟು ಅಲ್ಟ್ರಾಮರೀನ್ ನೀಲಿ ಸಾಕು.

ಒಂದು ಸಲ ಬರೆದು ನೋಡೋಣ

ನಾನು ಬಳಸುವುದು ಆರು ಬಣ್ಣ: ಗ್ಯಾಂಬೋಜ್ (ಹಳದಿ), ಯೆಲ್ಲೋ ಓಕರ್ (ಮಣ್ಣಿನ ಹಳದಿ), ಕ್ರಿಮ್ಸನ್ (ಕಡುಗೆಂಪು), ಬರ್ನ್ಟ್ ಸಿಯೆನ್ನಾ (ಕೆಂಗಂದು), ಅಲ್ಟ್ರಾಮರೀನ್, ಪ್ರಷ್ಯನ್ ಬ್ಲೂ. ಕಪ್ಪು ಬೇಡ. ಅಲ್ಟ್ರಾಮರೀನ್, ಬರ್ನ್ಟ್ ಸಿಯೆನ್ನಾ ಎರಡನ್ನೂ ಗಟ್ಟಿಯಾಗಿ ಕಲಸಿದರೆ ಜೀವ ಇರುವ ಕಪ್ಪು ಬರುತ್ತದೆ. ಕ್ರಿಮ್ಸನ್ ಕೊಳ್ಳುವಾಗ ಟ್ಯೂಬಿನ ಮೇಲಿನ ಸಂಕೇತ ನೋಡಿ. ಪಿಆರ್ 83 ಇದ್ದರೆ ಬೆಳಕಿಗೆ ಮಾಸುತ್ತದೆ, ಪಿವಿ 19 ಬಾಳಿಕೆ ಬರುತ್ತದೆ. 10 ಅಥವಾ 12ನೆಯ ನಂಬರಿನ ಒಂದು ದುಂಡು ಬ್ರಷ್, ತುದಿ ಚೂಪಾಗಿ ಸೇರುವಂಥದ್ದು. ಅದನ್ನು ಪೆನ್ನಿನ ಹಾಗೆ ತುದಿಯಲ್ಲಿ ಹಿಡಿದರೆ ಕೈ ವಿವರಕ್ಕೆ ಹೋಗುತ್ತದೆ. ಹಿಡಿಯ ಹಿಂಭಾಗದಲ್ಲಿ ಹಿಡಿಯಿರಿ. ಸಾಧ್ಯವಾದರೆ ನಿಂತು ಬರೆಯಿರಿ.

ಮೊದಲು ಇಸ್ಪೀಟ್ ಎಲೆಯಷ್ಟು ದೊಡ್ಡ ಚೌಕದಲ್ಲಿ ಪೆನ್ಸಿಲ್‌ನಿಂದ ಮೂರು ಪಾಲಿನ ನಕ್ಷೆ. ಐದು ನಿಮಿಷದ ಕೆಲಸ. ಯಾವ ಬಿಳಿ ಉಳಿಯಬೇಕು, ಯಾವ ನೆರಳು ಯಾವುದರ ಜೊತೆ ಸೇರುತ್ತದೆ ಅಂತ ಇಲ್ಲೇ ತೀರ್ಮಾನವಾಗಬೇಕು. ಈ ಐದು ನಿಮಿಷ ಉಳಿಸಲು ಹೋಗಿ ಒಂದು ಗಂಟೆ ಕಳೆದುಕೊಂಡವರೇ ಜಾಸ್ತಿ. ಆಮೇಲೆ ಒಳ್ಳೆಯ ಕಾಗದದ ಮೇಲೆ ಹಗುರಾದ ಕೆಲವೇ ಗೆರೆ.

ಕಿತ್ತಳೆಯಿಂದ ಶುರು. ಒಣ ಕಾಗದದ ಮೇಲೆ ತೆಳು ಗ್ಯಾಂಬೋಜ್, ಹೊಳಪಿನ ಜಾಗ ಬಿಟ್ಟು. ಅದು ಒದ್ದೆ ಇರುವಾಗಲೇ ಬಲಗಡೆಗೆ ಕ್ರಿಮ್ಸನ್ ಸೇರಿಸಿದರೆ ಎರಡೂ ಕಾಗದದ ಮೇಲೇ ಬೆರೆತು ಕಿತ್ತಳೆ ಬಣ್ಣ ಆಗುತ್ತದೆ. ಪ್ಯಾಲೆಟ್‌ನಲ್ಲಿ ಪೂರ್ತಿ ಕಲಸಿ ತಂದ ಬಣ್ಣಕ್ಕೆ ಈ ಕಾಂತಿ ಬರುವುದಿಲ್ಲ. ಕಿತ್ತಳೆ ಸಿಪ್ಪೆ ತರಿತರಿ. ಹಾಗಾಗಿ ಹೊಳಪಿನ ಅಂಚು ಒಡೆದ ಹಾಗಿರಲಿ, ಬ್ರಷ್ಷನ್ನು ಮಲಗಿಸಿ ಒಣಗಿದಂತೆ ಎಳೆದರೆ ಆಯಿತು. ಬದನೆಕಾಯಿ ನುಣುಪು, ಅದರ ಹೊಳಪಿಗೆ ಚೂಪು ಅಂಚು. ಸಿಪ್ಪೆಯ ಗುಣವನ್ನು ಹೊಳಪಿನ ಅಂಚು ಒಂದೇ ಹೇಳಿಬಿಡುತ್ತದೆ.

ಕಿತ್ತಳೆಯ ಬುಡ ಇನ್ನೂ ಒದ್ದೆ ಇದೆ. ಅಲ್ಲಿಂದಲೇ ನೆರಳು ಹೊರಡಬೇಕು. ಅಲ್ಟ್ರಾಮರೀನ್, ಜೊತೆಗೆ ಒಂದು ಚೂರು ಬರ್ನ್ಟ್ ಸಿಯೆನ್ನಾ, ಹಾಲಿನ ಹದ. ಬ್ರಷ್ಷನ್ನು ಹಣ್ಣಿನ ಬುಡಕ್ಕೆ ಒಂದೇ ಒಂದು ಕಡೆ ತಾಗಿಸಿ ಬಲಕ್ಕೆ ಎಳೆಯಿರಿ. ತಾಗಿದಲ್ಲಿ ಕಿತ್ತಳೆ ಬಣ್ಣ ನೆರಳಿಗೆ ಇಳಿಯುತ್ತದೆ. ಒರೆಸಬೇಡಿ. ಅದೇ ನೆರಳನ್ನು ಬ್ರಷ್ ಎತ್ತದೆ ಬದನೆಕಾಯಿಯವರೆಗೆ, ಅಲ್ಲಿಂದ ಚೊಂಬಿನ ಬಲಭಾಗದವರೆಗೆ ಒಯ್ಯಿರಿ. ದಾರಿಯಲ್ಲಿ ಬಣ್ಣ ಮಾತ್ರ ಬದಲಾಗಲಿ. ಬದನೆಕಾಯಿ ಬಂದಾಗ ಕ್ರಿಮ್ಸನ್ ಸೇರಲಿ, ಚೊಂಬಿನಲ್ಲಿ ಬರ್ನ್ಟ್ ಸಿಯೆನ್ನಾ. ಮೂರು ವಸ್ತು, ಒಂದೇ ಆಕಾರ, ನಡುವೆ ಒಂದೂ ಗೆರೆ ಇಲ್ಲ. ಚೊಂಬಿನ ಎಡಕ್ಕೆ ಯೆಲ್ಲೋ ಓಕರನ್ನು ನೀರಿನಲ್ಲಿ ತೆಳುಗೊಳಿಸುತ್ತ ಹೋಗಿ ಬರೀ ನೀರಿನಲ್ಲಿ ನಿಲ್ಲಿಸಿ.

ಈಗ ಒಂದೇ ಒಂದು ಕಡೆ ಗಟ್ಟಿ ಅಂಚು ಬೇಕು. ಬದನೆಕಾಯಿಯ ಕಪ್ಪಿನ ಎದುರು ಕಿತ್ತಳೆಯ ಬೆಳಕು ಬರುವ ಜಾಗ ಅದು. ಕಿತ್ತಳೆ ಪೂರ್ತಿ ಒಣಗಲಿ. ಬೆರಳಿನ ಹಿಂಬದಿಯಿಂದ ಮುಟ್ಟಿ ನೋಡಿ. ಆಮೇಲೆ ಕ್ರಿಮ್ಸನ್, ಅಲ್ಟ್ರಾಮರೀನ್, ಒಂದು ಚುಕ್ಕೆ ಪ್ರಷ್ಯನ್ ಬ್ಲೂ, ದೋಸೆಹಿಟ್ಟಿನ ಹದದಲ್ಲಿ ಕಲಸಿ, ಕಿತ್ತಳೆಯ ಅಂಚನ್ನು ಅನುಸರಿಸಿ ಒಂದೇ ಏಟು. ಒದ್ದೆ ಬಣ್ಣ ಒಣಗಿದಾಗ ಒಂದು ಮೆಟ್ಟಿಲು ತಿಳಿಯಾಗುತ್ತದೆ. ಹಾಗಾಗಿ ಇಡುವಾಗ ಸ್ವಲ್ಪ ಜಾಸ್ತಿಯಾಯಿತು ಅನಿಸುವಷ್ಟೇ ದಟ್ಟ ಇರಲಿ. ಹೊಸಬರ ಚಿತ್ರಗಳು ಸಪ್ಪೆಯಾಗುವುದು ಮುಕ್ಕಾಲು ಪಾಲು ಇದೊಂದು ಹೆದರಿಕೆಯಿಂದ.

ಕೊನೆಗೆ ಉಳಿದ ಕಪ್ಪುಗಳು: ಚೊಂಬಿನ ಬಾಯಿಯ ಒಳಗೆ, ತಳದ ಕೆಳಗೆ, ಬದನೆಕಾಯಿಯ ತೊಟ್ಟಿನ ಬುಡದಲ್ಲಿ. ಎಣಿಸಿ ಇಡಿ. ನಾನು ಹತ್ತು ಏಟು ಅಂತ ಇಟ್ಟುಕೊಂಡಿದ್ದೇನೆ. ತಪ್ಪಿದರೆ ಒಣಗಿದ ಮೇಲೆ ಒದ್ದೆ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿ ಬಟ್ಟೆಯಿಂದ ಒತ್ತಿದರೆ ಅಲ್ಟ್ರಾಮರೀನ್ ಸುಮಾರಾಗಿ ಏಳುತ್ತದೆ. ಪ್ರಷ್ಯನ್ ಬ್ಲೂ ಅಷ್ಟು ಸುಲಭಕ್ಕೆ ಬಿಡುವುದಿಲ್ಲ, ಕಾಗದಕ್ಕೆ ಕಲೆ ಕಟ್ಟುತ್ತದೆ.

ಮುಂದಿನ ಭಾನುವಾರ ಅಕ್ಕನ ಮಗಳು ತಾನೇ ಕೂತಳು. ಚೊಂಬು ಬೇಡ, ಒಂದೇ ಕಿತ್ತಳೆ ಸಾಕು ಅಂದೆ. ನಾಲ್ಕು ತುಂಡು ಕಾಗದ ಕೊಟ್ಟೆ. ಮೊದಲ ಎರಡರಲ್ಲಿ ಹಣ್ಣಿನ ಸುತ್ತ ಗೆರೆ ಎಳೆದೇ ಬಿಟ್ಟಳು. ಮೂರನೆಯದರಲ್ಲಿ ನೆರಳನ್ನು ಬುಡಕ್ಕೆ ತಾಗಿಸಿದ ಕೂಡಲೇ ಕಿತ್ತಳೆ ಬಣ್ಣ ಸರ್ರನೆ ನೀಲಿಯೊಳಗೆ ಇಳಿಯಿತು. "ಅಯ್ಯೋ, ಹೋಯ್ತು" ಅಂತ ಬಟ್ಟೆ ಎತ್ತಿಕೊಂಡಳು. "ಬಿಡು, ಮುಟ್ಟಬೇಡ" ಅಂದೆ. ಇಬ್ಬರೂ ಸುಮ್ನೆ ನೋಡುತ್ತಾ ಕೂತೆವು. ಹೊಳಪು ಮಂಕಾಯಿತು, ಆಮೇಲೆ ಹೋಯಿತು. ಕಾಗದ ಬೆಚ್ಚಗಾದ ಮೇಲೆ ನೋಡಿದರೆ ನೆರಳಿನೊಳಗೆ ಹಣ್ಣಿನ ಬೆಳಕು ಬಿದ್ದಿತ್ತು, ಮೇಜಿನ ಮೇಲಿನ ಹಣ್ಣಿನ ಕೆಳಗೆ ಬಿದ್ದ ಹಾಗೆಯೇ. ಅವಳು ಒಮ್ಮೆ ಅದನ್ನು ನೋಡಿದಳು, ಒಮ್ಮೆ ಇದನ್ನು. ಆಮೇಲೆ ನಾಲ್ಕನೆಯ ತುಂಡು ಎತ್ತಿಕೊಂಡಳು.